ಆ ಕಮಲಾ ಏನಾದಳು?

11-6-2001, ಸೋಮವಾರ, ಸಂಜೆ

ಮಲೇರಿಯಾ ಪರೀಕ್ಷೆಗೆ ಹದಿನಾಲ್ಕು ಜನರ ರಕ್ತಲೇಪನ ತೆಗೆದೆ. ಕುಂಬಾರಕೊಪ್ಪಲಿನಲ್ಲಿ ಜ್ವರ ಇನ್ನೂ ಇಳಿದಿಲ್ಲ. ಮೂವರು ಗರ್ಭಿಣಿಯರ ಕಾರ್ಡ್ ಮಾಡಿದೆ. ಒಬ್ಬಳ ಹಿಮೋಗ್ಲೋಬಿನ್ ಏಳು. ಕಬ್ಬಿಣದ ಮಾತ್ರೆ ಎಲ್ಲಿ ಅಂದರೆ ‘ನುಂಗ್ತಾ ಇದೀನಿ ಸಿಸ್ಟರ್’ ಅನ್ನುತ್ತಾಳೆ, ಪಟ್ಟಿ ಹಾಗೇ ಅಕ್ಕಿ ಡಬ್ಬದ ಮೇಲಿದೆ. ಬೈದು ಬಂದೆ.

ಹೆಲ್ತ್ ಸೆಂಟರಿಗೆ ವಾಪಸ್ ಬಂದರೆ ಡಾಕ್ಟರ ಟೇಬಲ್ ಮೇಲೆ ಆರ್ಡರ್. ಮೆಡಿಕಲ್ ಕಾಲೇಜಿನವರು ಏನೋ ಸರ್ವೆ ಮಾಡುತ್ತಾರಂತೆ. ನನ್ನನ್ನೂ ನಮ್ಮ ಸೆಂಟರಿನ ಹೆಲ್ತ್ ವರ್ಕರ್ ಜವರಯ್ಯನವರನ್ನೂ ಹಾಕಿದ್ದಾರೆ. ನಾಳೆ ಟ್ರೈನಿಂಗ್. ಸರ್ವೆ ಹೆಸರು ಇಂಗ್ಲಿಷಿನಲ್ಲಿದೆ, ಕೆಳಗೆ ಕನ್ನಡದಲ್ಲಿ—ಮಾನಸಿಕ ಆರೋಗ್ಯ ಸಾಕ್ಷರತೆ. ಜವರಯ್ಯ ಓದಿ, “ಸ್ಲೇಟು ಬಳಪ ಅವರೇ ಕೊಡ್ತಾರಾ, ನಾವೇ ತಕ್ಕೊಂಡ್ ಹೋಗ್ಬೇಕಾ?” ಅಂದರು. ಸಾಕ್ಷರತಾ ಆಂದೋಲನದಲ್ಲಿ ಎರಡು ವರ್ಷ ರಾತ್ರಿ ಶಾಲೆ ನಡೆಸಿದವರು ಅವರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು.

ಕಾಲು ನೋವು. ಹೊಸ ಚಪ್ಪಲಿ ಕಚ್ಚುತ್ತಿದೆ.

12-6-2001, ಮಂಗಳವಾರ, ಸಂಜೆ

ಟ್ರೈನಿಂಗ್ ಮಾಡಿದ್ದು ಡಾ. ಮಧುಶ್ರೀ ಅಂತ. ಮನೋವೈದ್ಯ ವಿಭಾಗದಲ್ಲಿ ಪಿಜಿ ಓದುತ್ತಿರುವ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ. ಇದು ಅವಳ ಥೀಸಿಸ್. ನಾನು ಮೇಡಂ ಅನ್ನುತ್ತೇನೆ, ಅವಳು ಸಿಸ್ಟರ್ ಅನ್ನುತ್ತಾಳೆ.

ಮನೆಮನೆಗೆ ಹೋಗಿ ಒಂದು ಪ್ಯಾರಾ ಓದಬೇಕು. ಒಬ್ಬ ಹೆಂಗಸಿನ ವಿಷಯ. ಹೆಸರು ಕಮಲಾ—ನಿಜವಾದವಳಲ್ಲ, ಕಾಗದದ ಮೇಲಿನವಳು. ಮೂವತ್ತು ವರ್ಷ. ಎರಡು ತಿಂಗಳಿಂದ ಯಾವುದರ ಮೇಲೂ ಆಸೆ ಇಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಊಟ ಸೇರುವುದಿಲ್ಲ. ದಿನಾ ಮಾಡುತ್ತಿದ್ದ ಕೆಲಸವೇ ದೊಡ್ಡದಾಗಿ ಕಾಣುತ್ತದೆ. ಸುಮ್ಮನೆ ಅಳು ಬರುತ್ತದೆ. ತನ್ನಿಂದ ಯಾರಿಗೂ ಉಪಯೋಗವಿಲ್ಲ ಅನ್ನುತ್ತಾಳೆ. ಓದಿ ಮುಗಿಸಿ ಮೂರು ಪ್ರಶ್ನೆ. ಕಮಲಾಗೆ ಏನಾಗಿದೆ? ಯಾಕೆ ಆಗಿದೆ? ಏನು ಮಾಡಬೇಕು?

ಮೊದಲು ನಮಗೇ ಕೇಳಿದಳು. ಒಂದು ಚೀಟಿಯಲ್ಲಿ ಬರೆದುಕೊಡಿ ಅಂದಳು. ಬರೆದೆ. ‘ನಿಶ್ಶಕ್ತಿ. ರಕ್ತಹೀನತೆ ಇರಬಹುದು. ಕಬ್ಬಿಣದ ಮಾತ್ರೆ, ಬಿ-ಕಾಂಪ್ಲೆಕ್ಸ್.’ ಹದಿನೆಂಟು ವರ್ಷದ ಸರ್ವೀಸು. ಧೈರ್ಯವಾಗಿ ಬರೆದೆ.

ಅವಳು ಎಲ್ಲ ಚೀಟಿ ಓದಿ, ಯಾರದೆಂದು ಹೇಳದೆ, “ಇದಕ್ಕೆ ಡಿಪ್ರೆಷನ್ ಅಂತಾರೆ. ಕನ್ನಡದಲ್ಲಿ ಖಿನ್ನತೆ. ಕಾಯಿಲೆ. ಔಷಧಿ ಇದೆ, ವಾಸಿಯಾಗುತ್ತೆ” ಅಂದಳು. ಜನಕ್ಕೆ ಇದನ್ನು ಕಂಡರೆ ಗುರುತು ಸಿಗುತ್ತದಾ, ಏನೆಂದು ಕರೆಯುತ್ತಾರೆ, ಎಲ್ಲಿಗೆ ಹೋಗುತ್ತಾರೆ... ಅದೆಲ್ಲ ಸೇರಿದ್ದೇ ಸಾಕ್ಷರತೆಯಂತೆ.

ಒಂದು ಕಟ್ಟುನಿಟ್ಟು. ನಾವು ಉತ್ತರ ಹೇಳಬಾರದು, ಸಲಹೆ ಕೊಡಬಾರದು. ಅವರಂದದ್ದನ್ನು ಬರೆದುಕೊಂಡು ಬರಬೇಕು, ಅಷ್ಟೇ. ಹೇಳಿಕೊಟ್ಟರೆ ಪಕ್ಕದ ಮನೆಯವರಿಗೂ ಗೊತ್ತಾಗಿ ಲೆಕ್ಕ ತಪ್ಪುತ್ತದೆ.

13-6-2001, ಬುಧವಾರ, ಬೆಳಿಗ್ಗೆ 5:30

ಇವರು ಇನ್ನೂ ಎದ್ದಿಲ್ಲ. ಹಾಲು ಬಂದಿಲ್ಲ. ಬರೆದುಬಿಡುತ್ತೇನೆ.

ದೇವಿರಮ್ಮ. ಐದು ವರ್ಷದ ಹಿಂದೆ, ಬೇರೆ ಸೆಂಟರಿನಲ್ಲಿದ್ದಾಗ. ಬುಧವಾರ ಬುಧವಾರ ಬರುತ್ತಿದ್ದಳು. ಸಣ್ಣ ಹೆಂಗಸು, ಸೆರಗನ್ನು ಯಾವಾಗಲೂ ಎಡಗೈಯಲ್ಲಿ ಮುದುಡಿ ಹಿಡಿದುಕೊಂಡಿರುತ್ತಿದ್ದಳು. ‘ಸುಸ್ತು ಸಿಸ್ಟರ್. ನಿದ್ದೆ ಬರಲ್ಲ. ಎದೆ ಮೇಲೆ ಕಲ್ಲಿಟ್ಟಂಗೆ.’ ಕೆಂಪು ಮಾತ್ರೆ ಕೊಟ್ಟೆ. ಮತ್ತೆ ಬಂದಳು. ಬಿ-ಕಾಂಪ್ಲೆಕ್ಸ್ ಕೊಟ್ಟೆ. ಸೊಪ್ಪು ತಿನ್ನು ಅಂದೆ. ಐದು ಬುಧವಾರ. ಐದನೆಯ ಸಲ ಕ್ಯೂ ಉದ್ದ ಇತ್ತು, ‘ಏನಮ್ಮ, ದಿನಾ ಇದೇ ರಾಗ’ ಅಂದುಬಿಟ್ಟೆ. ಅಂದೆ. ನೆನಪಿದೆ. ಅವಳು ನಕ್ಕಳು.

ಆರನೆಯ ವಾರ ಅವಳು ಬರಲಿಲ್ಲ, ಸುದ್ದಿ ಬಂತು. ತಾನೇ ಹೋಗಿಬಿಟ್ಟಳು.

ಹೊಟ್ಟೆನೋವು ತಡೆಯಲಾರದೆ ಜೀವ ಕಳೆದುಕೊಂಡಳು ಅಂತ ಮನೆಯವರು ಪೊಲೀಸರ ಹತ್ತಿರ ಬರೆಸಿದರು. ನಾನೂ ಹಾಗೆಯೇ ನಂಬಿದೆ. ನಂಬಿದೆನಾ?... ನಿನ್ನೆ ಆ ಹುಡುಗಿ ಪ್ಯಾರಾ ಓದುವಾಗ ನನಗೆ ಕಂಡದ್ದು ಮುದುಡಿದ ಸೆರಗು.

ಹಾಲಿನವನು ಬಂದ.

18-6-2001, ಸೋಮವಾರ

ರಾಜೀವನಗರ. ಇಪ್ಪತ್ತೆರಡು ಮನೆ. ಗಂಟಲು ಒಣಗಿದೆ. ಜನ ಟೀ ಕೊಡದೆ ಬಿಡುವುದಿಲ್ಲ.

ಒಬ್ಬ ಅಜ್ಜಿ: “ನಜರ್ ಆಗಿದೆ ಬೇಟಿ. ಮೆಣಸಿನಕಾಯಿ ನಿವಾಳಿಸಬೇಕು.” ಒಬ್ಬ ಕಾಲೇಜು ಹುಡುಗಿ: “ಟೆನ್ಷನ್ ಆಂಟಿ.” ಟೈಲರ್ ಒಬ್ಬರು ಮಿಷನ್ ನಿಲ್ಲಿಸದೆಯೇ, “ಮದುವೆ ಆಗಿದೆಯಾ ಅವಳಿಗೆ?” ಆಗಿದೆ ಅಂದೆ. “ಹಾಗಾದರೆ ಗಂಡನನ್ನು ಕೇಳಿ, ನನ್ನನ್ನು ಯಾಕೆ ಕೇಳ್ತೀರಾ?” ಬೀಡಿ ಕಟ್ಟುವ ಹೆಂಗಸೊಬ್ಬಳು ತುಂಬ ಹೊತ್ತು ಯೋಚಿಸಿ, “ಗಂಡ ಕುಡೀತಾನಾ? ಕುಡಿಯೋದಾದ್ರೆ ಕಾಯಿಲೆ ಅವಳದಲ್ಲ” ಅಂದಳು. ಅದನ್ನೂ ಹಾಗೆಯೇ ಬರೆದುಕೊಂಡೆ. ಯಾವ ಕಾಲಮ್ಮಿಗೆ ಸೇರಿಸುವುದೋ ಮೇಡಂಗೇ ಗೊತ್ತು.

ಖಿನ್ನತೆ ಅನ್ನುವ ಪದ ಒಬ್ಬರ ಬಾಯಲ್ಲೂ ಬರಲಿಲ್ಲ. ಬೇಜಾರು. ಯೋಚನೆ ಜಾಸ್ತಿ. ಮಂಕು. ತಲೆ ಕೆಟ್ಟಿದೆ. ಅತಿ ಹೆಚ್ಚು ಜನ ಹೇಳಿದ್ದು—ವೀಕ್ನೆಸ್. ನನ್ನಂಥವರು ಹದಿನೆಂಟು ವರ್ಷ ಕಲಿಸಿದ ಪಾಠ.

21-6-2001, ಗುರುವಾರ

ಲಸಿಕೆ ದಿನ. ಐವತ್ಮೂರು ಮಕ್ಕಳು. ಕಿವಿ ಗುಂಯ್ ಅನ್ನುತ್ತಿದೆ. ಬೇರೇನಿಲ್ಲ.

26-6-2001, ಮಂಗಳವಾರ, ಸಂಜೆ

ಕುಂಬಾರಕೊಪ್ಪಲು. ನನ್ನದೇ ಏರಿಯಾ, ಆದರೂ ಈ ಮನೆಯವರ ಪರಿಚಯ ಅಷ್ಟಿರಲಿಲ್ಲ. ಹೆಂಚಿನ ಮನೆ, ಮುಂದೆ ಜಗಲಿ. ಚೆಲುವರಾಜು, ಗಾರೆ ಕೆಲಸ. ಅವನ ತಾಯಿ ಚಾಮುಂಡಮ್ಮ ಜಗಲಿಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಹೆಂಡತಿ ಭಾಗ್ಯಮ್ಮ ಒಳಗೆ. ಆರು ವರ್ಷದ ಮಗಳು ಸಿಂಚನ—ಸ್ಕೂಲಿಂದ ಬಂದಿದ್ದಳು, ತಲೆ ಬಾಚಿ ಎರಡು ದಿನವಾದರೂ ಆಗಿರಬೇಕು.

ಮನೆಗೆ ಒಬ್ಬರನ್ನೇ ಕೇಳಬೇಕು, ಯಾರನ್ನು ಅಂತ ದೊಡ್ಡವರ ಹೆಸರಲ್ಲಿ ಚೀಟಿ ಎತ್ತಬೇಕು. ಚೆಲುವರಾಜುಗೆ ಬಂತು. ಕಮಲಾಳ ವಿಷಯ ಓದಿದೆ.

“ಏನಾಗ್ಯದೆ ಅವ್ಳಿಗೆ? ಸೋಮಾರಿತನ ಕಣ್ರೀ ಸಿಸ್ಟರ್,” ಅಂದ. “ಗಂಡ ದುಡ್ದು ತಂದಾಕ್ತಾವ್ನೆ, ಕೂತ್ಕಂಡು ತಿಂದು ಮೈ ಬಗ್ತಾ ಇಲ್ಲ. ನಾಕು ದಿನ ನನ್ ಜೊತೆ ಬಾಂಡ್ಲಿ ಹೊತ್ರೆ ಎಲ್ಲಾ ಸರಿಹೋಯ್ತದೆ, ಬರ್ಕಳಿ.”

ಚಾಮುಂಡಮ್ಮ ತಲೆ ಎತ್ತದೆ, “ಗಾಳಿ ಸೋಕ್ಯದೆ ಅಂತಾನೂ ಬರ್ಕೊಳವ್ವ” ಅಂದರು.

“ಚೀಟಿ ಬಂದಿರೋದು ನಿಮ್ಮ ಮಗನಿಗೆ ಅಮ್ಮ, ನಿಮ್ಮದು ಬರೆಯೋ ಹಾಗಿಲ್ಲ.”

“ಅವ್ನಿಗೇನ್ ಗೊತ್ತು?”

ಅಡುಗೆ ಮನೆಯ ಬಾಗಿಲಲ್ಲಿ ಒಂದು ಸೀರೆಯ ಅಂಚು ಕಾಣುತ್ತಿತ್ತು. ನಾನು ಓದುವಷ್ಟು ಹೊತ್ತೂ ಅದು ಅಲ್ಲಾಡಲಿಲ್ಲ.

ಫಾರಂ ಮಡಚಿಕೊಂಡು ಹೊರಟೆ. ಪಕ್ಕದ ಸಂದಿಯಲ್ಲಿ ಹೆಜ್ಜೆ ಸಪ್ಪಳ. ಭಾಗ್ಯಮ್ಮ. ಹಿಂದಿನ ಬಾಗಿಲಿನಿಂದ ಬಂದಿದ್ದಳು. ಬರಿಗಾಲು. ಕಣ್ಣಿನ ಸುತ್ತ ಕಪ್ಪು.

“ಸಿಸ್ಟರ್... ಆ ಕಮಲಾ ಏನಾದ್ಲು?”

“ಯಾವ ಕಮಲಾ?”

“ಈಗ ಓದುದ್ರಲ್ಲ. ಅವ್ಳು ಆಮೇಕೆ ಏನಾದ್ಲು? ಸರಿಹೋದ್ಲಾ?”

ಪ್ಯಾರಾ ಅಲ್ಲಿಗೇ ಮುಗಿಯುತ್ತದೆ. ಮುಂದೆ ಏನೂ ಬರೆದಿಲ್ಲ. ನಮಗೆ ಹೇಳಲು ಅಪ್ಪಣೆಯೂ ಇಲ್ಲ.

“ಗೊತ್ತಿಲ್ಲ ಕಣಮ್ಮ,” ಅಂದೆ.

ಅವಳು ಹೂಂ ಅಂದು ತಲೆಯಾಡಿಸಿದಳು. ಅದೇ ಉತ್ತರ ಬರುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ. ಒಳಗೆ ಹೋದಳು.

ನಾನು ಮುಂದಿನ ಮನೆಗೆ ಹೋದೆ. ಮುಂದಿನ ಐದು ಮನೆ ಮುಗಿಸಿದೆ! ನಾನು ಎಂಥವಳು.

27-6-2001, ಬುಧವಾರ

ಬೆಳಿಗ್ಗೆಯೇ ಎಸ್‌ಟಿಡಿ ಬೂತಿನಿಂದ ಡಾ. ಮಧುಶ್ರೀಗೆ ಫೋನ್. ಎಲ್ಲ ಹೇಳಿದೆ.

“ಸಿಸ್ಟರ್, ನೀವು ಹೋಗಿ ಹೇಳಿಕೊಟ್ಟರೆ ಆ ಬೀದಿಯ ಫಾರಂಗಳೆಲ್ಲ ಅನುಮಾನ ಅಂತಾರೆ ನಮ್ಮ ಗೈಡ್ ಸರ್. ಈಗಾಗಲೇ ತಡವಾಗಿದೆ...”

“ಹೌದು ಮೇಡಂ.”

ನಾನು ಫೋನ್ ಇಡಲಿಲ್ಲ.

“ಎಷ್ಟು ದಿನದಿಂದ ಹೀಗಿದ್ದಾರಂತೆ?”

“ಕೇಳಲಿಲ್ಲ. ಕೇಳೋ ಹಾಗಿರಲಿಲ್ಲ.”

“ಹೋಗಿ ಕೇಳಿ. ಸಾಯಬೇಕು ಅನ್ನಿಸುತ್ತಾ ಅಂತಾನೂ ಕೇಳಿ. ನೇರವಾಗಿ. ಕೇಳೋದರಿಂದ ಆ ಯೋಚನೆ ಹೊಸದಾಗಿ ಬರಲ್ಲ, ಹೆದರಬೇಡಿ. ಆ ಬೀದಿಯ ಫಾರಂ ರದ್ದು ಮಾಡೋಣ. ಸರ್‌ಗೆ ನಾನು ಹೇಳ್ತೀನಿ.”

ಚಿಕ್ಕ ಹುಡುಗಿ. ಬೈಸಿಕೊಳ್ಳುತ್ತಾಳೆ ಪಾಪ.

28-6-2001, ಗುರುವಾರ, ಸಂಜೆ

ಲಸಿಕೆ ಮುಗಿಸಿ, ಸಿಂಚನಳ ಬೂಸ್ಟರ್ ನೋಡಬೇಕು ಅನ್ನುವ ನೆಪದಲ್ಲಿ ಹೋದೆ. ಗಂಡ ಕೆಲಸಕ್ಕೆ ಹೋಗಿದ್ದ. ಚಾಮುಂಡಮ್ಮ ಊದುಬತ್ತಿ ಕಟ್ಟು ಕೊಡಲು ಹೋಗಿದ್ದರು. ಅಡುಗೆ ಮನೆಯಲ್ಲಿ ಮಣೆ ಹಾಕಿ ಕೂರಿಸಿದಳು. ಒಲೆ ಮೇಲೆ ಅನ್ನ ಸೀದ ವಾಸನೆ.

ಯುಗಾದಿಯಿಂದಲಂತೆ. ಮೂರು ತಿಂಗಳು. ಒಂದೊಂದೇ ಮಾತಾಗಿ ಹೇಳಿದಳು.

“ಮಗಿಗೆ ಜಡೆ ಹಾಕಕ್ಕೆ ಕೈ ಏಳಲ್ಲ ಸಿಸ್ಟರ್. ಹಾಕ್ಬೇಕು ಅಂತ ಗೊತ್ತು. ಬಾಚಣಿಗೆ ಕೈಲೇ ಇರ್ತದೆ. ಅಂಗೇ ಕೂತಿರ್ತೀನಿ. ಅದು ಬಸ್ಸು ಬತ್ತದೆ ಅಂತ ಓಡೋಯ್ತದೆ.”

ಅತ್ತೆ ಬೈಯುತ್ತಾರಾ? ಗಂಡ ಹೊಡೆಯುತ್ತಾನಾ?

“ಇಲ್ಲ. ಯಾರೂ ಏನೂ ಮಾಡಿಲ್ಲ. ಅದೇ ನಂಗೆ... ಏನಾರ ಮಾಡಿದ್ರೆ ಅದಕ್ಕೇ ಅಂತ ಅನ್ಕೋಬೋದಿತ್ತು.”

ಕೇಳಬೇಕಾದ್ದನ್ನು ಕೇಳಿದೆ. “ಸಾಯಬೇಕು ಅನ್ನಿಸ್ತದಾ ಭಾಗ್ಯಮ್ಮ?”

ಒಲೆ ಕಡೆ ತಿರುಗಿ, “ನಾನಿಲ್ದೆ ಇದ್ರೆ ಇವ್ರು ಸಂದಾಗಿರ್ತಾರೆ ಅನ್ನಿಸ್ತದೆ. ಇದುನ್ನ ಯಾರೂ ಕೇಳಿರ್ಲಿಲ್ಲ” ಅಂದಳು. ಅಳಲಿಲ್ಲ. ಅತ್ತವಳು ನಾನು. ಸರ್ವೀಸಿನಲ್ಲಿ ಮೊದಲ ಸಲ, ಇನ್ನೊಬ್ಬರ ಮನೆಯಲ್ಲಿ.

“ಇದು ಕಾಯಿಲೆ. ವಾಸಿಯಾಗ್ತದೆ. ನಾನು ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಒಬ್ಬಳೇ ಇರಬೇಡ, ಏನಾದ್ರೂ ಅನ್ನಿಸಿದ ತಕ್ಷಣ ಸೆಂಟರಿಗೆ ಬಾ, ಕ್ಯೂನಲ್ಲಿ ನಿಲ್ಲಬೇಡ, ನೇರ ಒಳಗೆ ಬಾ.” ಕೈ ಹಿಡಿದು ಹೇಳಿಸಿಕೊಂಡೆ, ಬರುತ್ತೇನೆ ಅಂತ.

ಹೊರಡುವಾಗ ಚಾಮುಂಡಮ್ಮ ಎದುರಾದರು. ಸೊಸೆಯನ್ನು ಒಬ್ಬಳನ್ನೇ ಬಿಡಬೇಡಿ, ಆಸ್ಪತ್ರೆಗೆ ತೋರಿಸಬೇಕು ಅಂದೆ.

“ಆಷಾಢ ಕಳೀಲಿ ತಾಯಿ. ಆಷಾಢದಲ್ಲಿ ಯಾರಾರ ಹೊಸ ಔಸ್ದಿ ಸುರು ಮಾಡ್ತಾರಾ?”

4-7-2001, ಬುಧವಾರ

ದಿನಾ ಅಲ್ಲಿಗೆ ಒಂದು ಸುತ್ತು. ಚೆಲುವರಾಜು ಕೈಗೆ ಸಿಗುವುದಿಲ್ಲ. ಬೇಕೆಂದೇ ತಪ್ಪಿಸಿಕೊಳ್ಳುತ್ತಾನೆ. ನಿನ್ನೆ ಸೈಟಿಗೇ ಹೋದೆ. ಸೆಂಟ್ರಿಂಗ್ ಮೇಲಿಂದಲೇ ಕೂಗಿದ, “ಹುಚ್ಚಾಸ್ಪತ್ರೆಗಾ ಸಿಸ್ಟರ್? ನಮ್ಮನೇಲಿ ಯಾರ್ಗೂ ಹುಚ್ಚಿಲ್ಲ.” ಕೆಲಸದವರೆಲ್ಲ ನನ್ನ ಕಡೆ ನೋಡಿದರು. ತಪ್ಪು ಮಾಡಿದೆ. ಅಲ್ಲಿಗೆ ಹೋಗಬಾರದಿತ್ತು.

ಇವರು ಊಟಕ್ಕೆ ಕೂತಾಗ, “ನಿನಗ್ಯಾಕೆ ಊರ ಉಸಾಬರಿ, ಸರ್ವೆ ಮಾಡು ಅಂದ್ರೆ ಸರ್ವೆ ಮಾಡು” ಅಂದರು. ಮಠದ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಮುನ್ನೂರು ಹುಡುಗರ ಉಸಾಬರಿ ಇವರಿಗೆ ಆಗಬಹುದು.

8-7-2001, ಭಾನುವಾರ, ಮಧ್ಯಾಹ್ನ

ಈಗಷ್ಟೇ ಕುಂಬಾರಕೊಪ್ಪಲಿನಿಂದ ಬಂದೆ.

ಶುಕ್ರವಾರ ಆಷಾಢದ ಪೂಜೆಗೆಂದು ಚಾಮುಂಡಮ್ಮ ಸೊಸೆಯನ್ನು ಬೆಟ್ಟ ಹತ್ತಿಸಿದ್ದಾರೆ. ಸಾವಿರ ಮೆಟ್ಟಿಲು. ಮೆಟ್ಟಿಲಿಗೆಲ್ಲ ಕುಂಕುಮ ಹಚ್ಚಿಕೊಂಡು ಹತ್ತಿದರೆ ಗಾಳಿ ಬಿಡುತ್ತದೆ ಅಂತ. ಕೆಟ್ಟ ಮನಸ್ಸಿನಿಂದಲ್ಲ. ಆಕೆ ತಾನೂ ಜೊತೆಗೆ ಹತ್ತಿದ್ದಾರೆ, ಅರವತ್ತರ ಮೇಲಾದ ಮಂಡಿಯಲ್ಲಿ. ಅರ್ಧ ದಾರಿಯಲ್ಲಿ ಭಾಗ್ಯಮ್ಮ ಕೂತವಳು ಏಳಲಿಲ್ಲ. ‘ನನ್ನ ಇಲ್ಲೇ ಬುಟ್ಟು ಹೋಗಿ’ ಅಂದಳಂತೆ. ಯಾರೋ ಹಿಡಿದುಕೊಂಡು ಇಳಿಸಿದ್ದಾರೆ. ನಿನ್ನೆಯಿಂದ ಮಾತಿಲ್ಲ, ಊಟವಿಲ್ಲ.

ಇವತ್ತು ಬೆಳಿಗ್ಗೆ ಹೋದಾಗ ಚೆಲುವರಾಜು ಜಗಲಿಯಲ್ಲಿ ಕೂತಿದ್ದ. ಗಡ್ಡ ಬಿಟ್ಟಿದ್ದ. ಎದ್ದು ಹೋಗಲಿಲ್ಲ. ಪಕ್ಕದಲ್ಲಿ ಕೂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ದೇವಿರಮ್ಮನ ವಿಷಯ ಬಂತು. ಐದು ಬುಧವಾರ. ಕೆಂಪು ಮಾತ್ರೆ. ದಿನಾ ಇದೇ ರಾಗ ಅಂದದ್ದು. ಅದನ್ನೂ ಬಿಡಲಿಲ್ಲ.

“ಅವಳ ಗಂಡನೂ ನಿಮ್ಮ ಹಾಗೇ ಒಳ್ಳೆಯವನು,” ಅಂದೆ. “ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಿದ್ದದ್ದು ನನಗೆ. ಬಿಳಿ ಸೀರೆ ಉಟ್ಟುಕೊಂಡು ಕೂತಿದ್ದವಳು ನಾನು. ಈಗ ಗೊತ್ತಾಗಿದೆ ಚೆಲುವರಾಜು. ಗೊತ್ತಾದ ಮೇಲೂ ಸುಮ್ಮನಿರೋಕೆ ಆಗಲ್ಲ ನನಗೆ.”

ಅವನು ಕಾಲ ಬಳಿಯ ಸಿಮೆಂಟು ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ.

“ನಾನು ಸೋಮಾರಿತನ ಅಂದ್ನಲ್ಲ ಅವತ್ತು. ಒಳಗಡೆ ಅವ್ಳು ಕೇಳುಸ್ಕಂಡ್ಲಾ?”

“ಹೂಂ.”

“ಹುಚ್ಚಾಸ್ಪತ್ರೆಗೆ ಹೋದ್ಲು ಅಂದ್ರೆ ನಾಳೆ ನನ್ ಮಗ್ಳುನ್ನ ಯಾರ್ ತಕ್ಕೋತಾರೆ ಸಿಸ್ಟರ್?”

“ಹುಚ್ಚಾಸ್ಪತ್ರೆ ಅಲ್ಲ, ದೊಡ್ಡಾಸ್ಪತ್ರೆ. ಜ್ವರಕ್ಕೆ ಹೋಗೋ ಗೇಟೇ. ನಾನಿರ್ತೀನಿ.”

ನಾಳೆ ಬರುತ್ತೇನೆ ಅಂದ. ಚಾಮುಂಡಮ್ಮ ಒಳಗಿಂದ ಬಂದು, ಏನು ಕಾಯಿಲೆ, ಹೆಸರೇನು ಅಂತ ಕೇಳಿದರು. ಆಷಾಢ ಇನ್ನೂ ಹನ್ನೆರಡು ದಿನ ಇದೆ. ಮತ್ತೆ ಅಡ್ಡಿ ಬಂದರೆ ಅನ್ನುವ ಭಯ. “ನರದ ವೀಕ್ನೆಸ್ ಕಣಮ್ಮ,” ಅಂದುಬಿಟ್ಟೆ. ಆಕೆಗೆ ಸಮಾಧಾನವಾಯಿತು. “ಅಂಗನ್ನಿ ಮತ್ತೆ!” ಅಂದರು.

9-7-2001, ಸೋಮವಾರ

ಹೋಗಿ ಬಂದೆವು. ಆಟೋದಲ್ಲಿ ಭಾಗ್ಯಮ್ಮ ನನ್ನ ಭುಜಕ್ಕೆ ತಲೆ ಇಟ್ಟಿದ್ದಳು, ಭಾರವೇ ಇಲ್ಲ. ಡಾ. ಮಧುಶ್ರೀ ಮುಕ್ಕಾಲು ಗಂಟೆ ಮಾತಾಡಿದಳು. ದಿನಕ್ಕೊಂದು ಮಾತ್ರೆ. ಎರಡು ಮೂರು ವಾರ ಬೇಕು ಗುಣ ಕಾಣೋಕೆ, ಆರು ತಿಂಗಳಾದರೂ ನಿಲ್ಲಿಸಬಾರದು ಅಂದಳು. ಮಾತ್ರೆ ಚೆಲುವರಾಜು ಕೈಯಲ್ಲಿ ಇರಲಿ, ಅವನೇ ಕೊಡಲಿ. ವಾರಕ್ಕೊಮ್ಮೆ ತಪ್ಪದೆ ಬರಬೇಕು. ಚೆಲುವರಾಜು ಶರ್ಟಿನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

ಸಂಜೆ ಇವರಿಗೆ ದೇವಿರಮ್ಮನ ವಿಷಯ ಹೇಳಿದೆ. ಒಮ್ಮೆ ಬಾಯಿಬಿಟ್ಟ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಇವರು ಪೇಪರ್ ಮಡಚಿಟ್ಟರು.

“ಐದು ವರ್ಷ ಒಬ್ಬಳೇ ಇಟ್ಟುಕೊಂಡಿದ್ದೀಯಾ ಇದನ್ನ?”

ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು. ಸಕ್ಕರೆ ಜಾಸ್ತಿ. ಕುಡಿದೆ.

20-7-2001, ಶುಕ್ರವಾರ

ಸರ್ವೆ ಮುಗಿಯಿತು. ಭಾಗ್ಯಮ್ಮ ಬೆಳಗಿನ ಜಾವ ಐದರವರೆಗೆ ಮಲಗುತ್ತಾಳಂತೆ. ಬಾಯಿ ಒಣಗುತ್ತದೆ ಅನ್ನುತ್ತಾಳೆ. ಬೇರೇನೂ ಬದಲಾವಣೆಯಿಲ್ಲ. ಚೆಲುವರಾಜು, “ಎರಡು ವಾರ ಆಗ್ತಾ ಬಂತಲ್ಲ ಸಿಸ್ಟರ್...” ಅಂದ. ಇನ್ನೂ ಕಾಯಬೇಕು ಅಂದೆ. ಅವನಿಗೆ ಹೇಳಿದ್ದೋ ನನಗೆ ಹೇಳಿಕೊಂಡದ್ದೋ.

2-8-2001, ಗುರುವಾರ

ಲಸಿಕೆಯ ಕ್ಯೂನಲ್ಲಿ ಸಿಂಚನ. ಎರಡು ಜಡೆ. ಬೈತಲೆ ಸೊಟ್ಟ, ರಿಬ್ಬನ್ ಒಂದು ಕೆಂಪು ಒಂದು ನೀಲಿ. “ನಮ್ಮವ್ವ ಹಾಕುದ್ಲು,” ಅಂದಳು. ನನಗೆ ಸಿರಿಂಜ್ ಕೈಯಲ್ಲಿ ಹಿಡಿದುಕೊಂಡು ಎರಡು ನಿಮಿಷ ಏನೂ ಕಾಣಲಿಲ್ಲ.

21-8-2001, ಮಂಗಳವಾರ

ಹತ್ತು ದಿನ ಪೋಲಿಯೋ ಮೀಟಿಂಗು, ಆಮೇಲೆ ನನಗೇ ಜ್ವರ. ಆ ಕಡೆ ಹೋಗಿರಲಿಲ್ಲ. ಸರಿ ಹೋಗಿದ್ದಾಳೆ ಅಂದುಕೊಂಡಿದ್ದೆ.

ಇವತ್ತು ಹೋದರೆ ಭಾಗ್ಯಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಹಗಲು ಹನ್ನೊಂದು ಗಂಟೆ. ಮಾತ್ರೆ ನಿಂತು ಹನ್ನೆರಡು ದಿನ.

ಚೆಲುವರಾಜು ನಿಲ್ಲಿಸಿದ್ದಲ್ಲ, ಕೆಲಸ ಜಾಸ್ತಿಯಾಗಿ ಮಾತ್ರೆ ಅಮ್ಮನ ಕೈಗೆ ಕೊಟ್ಟಿದ್ದನಂತೆ. ಚಾಮುಂಡಮ್ಮ. “ವೀಕ್ನೆಸ್ಸು ಹೋಗಿತ್ತು ಕಣವ್ವ. ಎದ್ದು ಓಡಾಡ್ತಿದ್ಲು, ಮುದ್ದೆ ಉಣ್ತಿದ್ಲು. ಶಕ್ತಿ ಬಂದ್ಮೇಲೆ ಇನ್ಯಾಕೆ ಗುಳ್ಗೆ, ಮೈಗೆ ಉಷ್ಣ ಅಂತ ನಾನೇ ತಗದು ಬುಸಾಕ್ದೆ. ಗೊತ್ತಾಗ್ದೆ ಮಾಡ್ಬುಟ್ಟೆ...”

ಆಕೆಯದೇನು ತಪ್ಪು. ವೀಕ್ನೆಸ್ ಅಂದವಳು ನಾನು. ವೀಕ್ನೆಸ್ಸಾದರೆ ಶಕ್ತಿ ಬಂದ ಮೇಲೆ ಮಾತ್ರೆ ನಿಲ್ಲಿಸುವುದು ಸರಿಯೇ. ಹೆಸರಿಗೆ ತಕ್ಕ ಹಾಗೆ ನಡೆದುಕೊಂಡಿದ್ದಾರೆ. ಸುಲಭ ಅಂತ ಆ ಹೆಸರು ಕೊಟ್ಟೆ. ಎರಡನೆಯ ಸಲ, ಅದೇ ಪದ.

ಚೆಲುವರಾಜುಗೆ ಹೇಳಿ ಕಳಿಸಿದೆ. ಸೈಟಿಂದ ಸುಣ್ಣದ ಕೈಯಲ್ಲೇ ಬಂದ. ಭಾಗ್ಯಮ್ಮನನ್ನೂ ಎಬ್ಬಿಸಿ ಕೂರಿಸಿದೆ. ನಾಲ್ವರೂ ನೆಲದ ಮೇಲೆ ಕೂತೆವು.

“ಅವತ್ತು ನಾನು ಸುಳ್ಳು ಹೇಳಿದೆ ಚಾಮುಂಡಮ್ಮ. ಇದು ನರದ ವೀಕ್ನೆಸ್ ಅಲ್ಲ. ಮನಸ್ಸಿನ ಕಾಯಿಲೆ. ಡಾಕ್ಟರ್ ಖಿನ್ನತೆ ಅಂತಾರೆ, ಡಿಪ್ರೆಷನ್ ಅಂತಾರೆ. ಹುಚ್ಚಲ್ಲ, ಗಾಳಿಯಲ್ಲ, ಸೋಮಾರಿತನ ಅಲ್ಲ. ಇವಳು ಮಾಡಿಕೊಂಡದ್ದೂ ಅಲ್ಲ. ಯಾರಿಗೆ ಬೇಕಾದರೂ ಬರುತ್ತೆ. ಮೇಲಕ್ಕೆ ಕಾಣೋದಿಲ್ಲ, ಅದಕ್ಕೇ ಚೆನ್ನಾಗಿ ಕಂಡ ತಕ್ಷಣ ಮಾತ್ರೆ ನಿಲ್ಲಿಸಬಾರದು.”

ಬೈಗುಳ ಬರುತ್ತದೆಂದು ಕಾದೆ. ಚಾಮುಂಡಮ್ಮ ಸೆರಗಿನ ತುದಿಯಿಂದ ಊದುಬತ್ತಿಯ ಕಪ್ಪನ್ನು ಬೆರಳಿನಿಂದ ಒರೆಸಿಕೊಳ್ಳುತ್ತಿದ್ದರು. ಒರೆಸುತ್ತಲೇ ಇದ್ದರು.

“ನಮ್ಮವ್ವನೂ ಇಂಗೇ ಮನೀಕತಿದ್ಲು,” ಅಂದರು. “ಗ್ವಾಡೆ ಕಡೀಕೆ ತಿರೀಕಂಡು. ವರ್ಸಾನುಗಟ್ಲೆ. ನಾನು ಆಗ ಸಿಂಚನಷ್ಟು ಇದ್ನೇನೋ. ಕೇರಿ ಐಕ್ಳೆಲ್ಲ ಗ್ವಾಡೆವ್ವ ಅಂತ ಕೂಗೋವು. ನಾನೂ... ನಾನೂ ಅವ್ರ ಜೊತೆ ಸೇರ್ಕಂಡು ಕೂಗಿವ್ನಿ. ಕಾಯ್ಲೆ ಅಂತ ಯಾರೂ ಹೇಳ್ನಿಲ್ವಲ್ಲ ತಾಯಿ.”

ಚೆಲುವರಾಜು ಅಮ್ಮನ ಮುಖವನ್ನೇ ನೋಡುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ.

ಭಾಗ್ಯಮ್ಮ ಕೂತಲ್ಲಿಂದಲೇ ಜರುಗಿ ಅತ್ತೆಯ ಮಂಡಿಯ ಮೇಲೆ ಕೈ ಇಟ್ಟಳು. ಆ ಕೈ ಮೇಲೆ ಆಕೆ ತಮ್ಮ ಕಪ್ಪು ಕೈ ಇಟ್ಟರು. ಅಷ್ಟೇ.

ಮಧ್ಯಾಹ್ನವೇ ದೊಡ್ಡಾಸ್ಪತ್ರೆಗೆ. ಈ ಸಲ ಚಾಮುಂಡಮ್ಮನೂ ಬಂದರು. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರೇ ಕೂತರು.

7-9-2001, ಶುಕ್ರವಾರ

ಡಾ. ಮಧುಶ್ರೀ ಸೆಂಟರಿಗೆ ಬಂದಿದ್ದಳು, ಮೈಸೂರು ಪಾಕ್ ತಂದಿದ್ದಳು. ಥೀಸಿಸ್ ಬರೆಯುತ್ತಿದ್ದಾಳೆ. ಮುನ್ನೂರು ಚಿಲ್ಲರೆ ಫಾರಂನಲ್ಲಿ ಕಾಯಿಲೆಯನ್ನು ಕಾಯಿಲೆ ಅಂತ ಗುರುತಿಸಿದವರು ಹನ್ನೊಂದು ಜನ. ರದ್ದಾದ ಬೀದಿಗೆ ಬೇರೆ ಬೀದಿ ಸೇರಿಸಿಕೊಳ್ಳಲು ಸರ್ ಒಪ್ಪಿದರಂತೆ, ಬೈದು.

ಮೊದಲ ಅಧ್ಯಾಯದಲ್ಲಿ ಸಾಕ್ಷರತೆ ಅಂದರೇನು ಅಂತ ಅರ್ಥ ಬರೆಯಬೇಕು, ಇಂಗ್ಲಿಷಿನಲ್ಲಿ ಬರೆದಾಯಿತು, ಕನ್ನಡದಲ್ಲಿ ಜನಕ್ಕೆ ಹೇಳೋದು ಹೇಗೆ ಸಿಸ್ಟರ್ ಅಂತ ಕೇಳಿದಳು. ಜವರಯ್ಯ ಪಕ್ಕದಲ್ಲೇ ಇದ್ದರು. “ನಾನು ಅಕ್ಷರ ಕಲಿಸುವಾಗ ಮೊದಲು ಅವರವರ ಹೆಸರು ಬರೆಯೋದು ಹೇಳಿಕೊಡ್ತಿದ್ದೆ,” ಅಂದರು. “ಇದೂ ಅಂಗೇ ಅಲ್ವಾ?”

ಅವಳು ಅದನ್ನು ಬರೆದುಕೊಂಡಳು. ನಾನು ಮನೆಗೆ ಬಂದು ಯೋಚಿಸಿದೆ. ಹೆಸರು ಬೇಕು, ಸರಿ. ಸುಳ್ಳು ಹೆಸರಲ್ಲ, ಬೈಗುಳವೂ ಅಲ್ಲ. ಆದರೆ ಹೆಸರು ಗೊತ್ತಿದ್ದ ನಾನೂ ಐದು ಮನೆ ಮುಂದೆ ಹೋಗಿದ್ದೆನಲ್ಲ ಅವತ್ತು. ಹಿಂದಕ್ಕೆ ತಿರುಗಿ ಆ ಸಂದಿಗೆ ಹೋಗುವುದೂ ಅದರಲ್ಲೇ ಸೇರಬೇಕು. ಇದನ್ನು ಥೀಸಿಸ್‌ನಲ್ಲಿ ಬರೆಯಲು ಬರುತ್ತದೋ ಇಲ್ಲವೋ.

ಬುಧವಾರದ ಕ್ಯೂನಲ್ಲಿ ಸುಸ್ತು ಅಂದವರನ್ನು ಈಗ ಪಕ್ಕಕ್ಕೆ ಕೂರಿಸುತ್ತೇನೆ. ನಿದ್ದೆ ಹೇಗಿದೆ ಅಂತ ಕೇಳುತ್ತೇನೆ. ಕ್ಯೂ ಉದ್ದವಾಗುತ್ತದೆ. ಆಗಲಿ.

3-10-2001, ಬುಧವಾರ, ಸಂಜೆ

ಬೆಳಿಗ್ಗೆ ಕುಂಬಾರಕೊಪ್ಪಲಿಗೆ ಹೋಗುವಾಗ ದೂರದಿಂದಲೇ ಗಲಾಟೆ. ನಾಲ್ಕು ದಿನದಿಂದ ನೀರಿಲ್ಲ, ಟ್ಯಾಂಕರ್ ಬಂದಿತ್ತು. ಬಿಂದಿಗೆ ಸದ್ದು, ಹೆಂಗಸರ ಕೂಗು. ಅದರಲ್ಲಿ ಒಂದು ಗಂಟಲು ಎಲ್ಲಕ್ಕಿಂತ ಮೇಲೆ. “ಯಾರ್ ಬಿಂದ್ಗೆ ಮುಂದಿಟ್ಟಿದ್ದು? ಆರು ಗಂಟೆಯಿಂದ ನಿಂತಿವ್ನಿ ನಾನು! ನಿಮ್ಮಪ್ಪನ ಮನೆ ಟ್ಯಾಂಕರಾ ಇದು?” ಯಾರಪ್ಪ ಈ ಗಟ್ಟಿಗಿತ್ತಿ ಅಂದುಕೊಂಡೆ.

ಭಾಗ್ಯಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಇನ್ನೊಬ್ಬರ ಪ್ಲಾಸ್ಟಿಕ್ ಬಿಂದಿಗೆ ಎತ್ತಿ ಪಕ್ಕಕ್ಕೆ ಇಡುತ್ತಾ. ಅವಳಿಗೆ ಇಷ್ಟು ದೊಡ್ಡ ದನಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಚಾಮುಂಡಮ್ಮ ಜಗಲಿಯಿಂದಲೇ, “ನೋಡಿ ಸಿಸ್ಟರ್, ಬಾಯಿ ಬಂದ್ಬುಡ್ತು ಇವ್ಳಿಗೆ! ಕೇರಿ ಜನ ಎಲ್ಲಾ ನಮ್ಮನೆ ಮೇಲೆ ಜಗಳಕ್ಕೆ ಬತ್ತಾರೆ ಇನ್ನ!” ಅಂತ ಕೂಗಿದರು. ಆಕೆಯ ಮುಖ ಊರಗಲ.

ಬ್ಯಾಗ್ ಹಿಡಿದುಕೊಂಡು ಬೀದಿ ಮಧ್ಯೆ ನಿಂತುಬಿಟ್ಟೆ. ಅವಳು ತಿರುಗಿ ನೋಡಿದಳು. ತುಂಬಿದ ಬಿಂದಿಗೆ ಕಂಕುಳಲ್ಲಿ, ಅರ್ಧ ಸೀರೆ ಒದ್ದೆ, ಇನ್ನೂ ಸಿಟ್ಟು ಇಳಿದಿರಲಿಲ್ಲ.

“ಏನ್ ಸಿಸ್ಟರ್, ಅಲ್ಲೇ ನಿಂತ್ಬುಟ್ರಿ? ಬನ್ನಿ ಕಾಫಿ ಕುಡ್ಕೊಂಡು ಹೋಗೋರಂತೆ.”

“ಏನಿಲ್ಲ ಕಣಮ್ಮ,” ಅಂದೆ. “ನೀನು ಜಗಳ ಆಡೋದನ್ನ ಇನ್ನೊಂದು ಸ್ವಲ್ಪ ನೋಡೋಣ ಅಂತ.”